ಇ-ಮೇಲಿನ ಮನೆ ಬದಲಾವಣೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಚೇಂಜ್ 2016 ಮತ್ತು 2019 ಇ-ಮೇಲ್ ಸರ್ವರ್‌ಗಳಿಗೆ ಬೆಂಬಲವನ್ನು ನಿಲ್ಲಿಸಿದ ಮೇಲೆ, ತಮ್ಮ ಇ-ಮೇಲನ್ನು ಕಚೇರಿಯ ಯಂತ್ರದಲ್ಲಿಯೇ ಕಾಪಾಡಿಕೊಂಡು ಬಂದಿರುವ ಸಂಸ್ಥೆಗಳು ಅದನ್ನು ಕ್ಲೌಡಿಗೆ ಸಾಗಿಸುವ ವಿಚಾರವನ್ನು ಇನ್ನು ಮುಂದೂಡಲಾಗದು. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ಅಥಣಿ ತಾಲ್ಲೂಕಿನ ತೀರಗ್ರಾಮಗಳನ್ನು ಜಲಾವೃತಗೊಳಿಸಿದುದನ್ನು ಕಣ್ಣಾರೆ ಕಂಡ ನಮಗೆ, ವರ್ಷಾನುವರ್ಷದ ಪತ್ರವ್ಯವಹಾರವನ್ನೆಲ್ಲ ಒಂದೇ ಕೋಣೆಯಲ್ಲಿ ಇರಿಸುವುದರ ಅಪಾಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರ ಸರ್ಕಾರವೇ ತನ್ನ ಸುಮಾರು 12 ಲಕ್ಷ ನೌಕರರ ಇ-ಮೇಲನ್ನು ಜೋಹೊ ಸಂಸ್ಥೆಯ ವೇದಿಕೆಗೆ ವರ್ಗಾಯಿಸಿದೆ. ವಿಳಾಸಗಳು ಮಾತ್ರ ಹಿಂದಿನವೇ. ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ತಿಳಿಸುವ, ಡೊಮೇನಿನ ಎಂಎಕ್ಸ್ ದಾಖಲೆಯನ್ನು ತಿದ್ದಿದೊಡನೆ ಹೊಸ ಪತ್ರಗಳು ಹೊಸ ಮನೆಗೆ ಬರತೊಡಗುವುವಾದರೂ, ಆ ಬದಲಾವಣೆಯು ಹೊರಗಿನ ಸರ್ವರ್‌ಗಳಿಗೆಲ್ಲ ತಿಳಿಯುವ ತನಕ ಕೆಲವು ಪತ್ರಗಳು ಹಳೆಯ ಬಾಗಿಲನ್ನೇ ತಟ್ಟುವುವು. ಆದಕಾರಣ ಹಳೆಯ ಯಂತ್ರವನ್ನು ಅಂದೇ ಆರಿಸುವುದು ಅವಿವೇಕ. ಕ್ಲೌಡಿಗೆ ಹೋದ ಮೇಲೆ ಅಂತರ್ಜಾಲ ಕಡಿದರೆ ಪತ್ರವೂ ನಿಲ್ಲುವುದೆಂಬ ಆತಂಕವು ನಿರಾಧಾರವಲ್ಲ. ಎರಡನೆಯ ಸಂಪರ್ಕವೊಂದನ್ನು ಇಟ್ಟುಕೊಳ್ಳುವುದೇ ಅದಕ್ಕೆ ಪರಿಹಾರ.

ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿಯೂ ಸಹಕಾರಿ ಸಂಘಗಳಲ್ಲಿಯೂ ಈ ಕಾರ್ಯವನ್ನು ಹೊತ್ತವರಲ್ಲಿ ನಮ್ಮ ವಿನಂತಿಯಿಷ್ಟು: ಕಬ್ಬು ನುರಿಸುವ ಹಂಗಾಮಿನ ನಡುವೆ ಇದನ್ನು ಕೈಗೊಳ್ಳದೆ ಗಾಣ ನಿಂತ ಬೇಸಿಗೆಯಲ್ಲಿ ಮಾಡಿರಿ, ಹಳೆಯ ಪತ್ರಗಳ ಪೂರ್ಣ ಪ್ರತಿಯೊಂದನ್ನು ನಿಮ್ಮ ವಶದಲ್ಲಿಯೇ ಉಳಿಸಿಕೊಳ್ಳಿರಿ.