ಗಣಿದೀಪಕ್ಕೆ ಬಲ್ಬು ಹಾಕಬೇಡಿ ಮಾರಾಯ್ರೆ!

ಕಳೆದ ಭಾನುವಾರ ಡೊಂಬಿವಲಿಯ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಶೋಕೇಸಿನಲ್ಲಿ ಹಿತ್ತಾಳೆಯ ಹಳೇ ಗಣಿದೀಪವೊಂದು ಫಳಫಳ ಹೊಳೆಯುತ್ತಿತ್ತು. ಬತ್ತಿಯ ಜಾಗದಲ್ಲಿ ಎಲ್‌ಇಡಿ ಬಲ್ಬು, ಎಣ್ಣೆ ತುಂಬುವ ತಳಕ್ಕೆ ತೂತು ಕೊರೆದು ಎಳೆದ ವಯರು! "ಚೋರ್ ಬಜಾರಲ್ಲಿ ಸಿಕ್ಕಿತು, ನಮ್ಮ ಕೆಜಿಎಫ್‌ದಂತೆ" ಅಂದರು ಹೆಮ್ಮೆಯಿಂದ.

ಕೆಜಿಎಫ್ ಅಂದರೆ ಕನ್ನಡಿಗ ಚೌಕಾಸಿ ಮಾಡುವುದಿಲ್ಲ ಅಂತ ಅಂಗಡಿಯವನಿಗೆ ಗೊತ್ತಿದ್ದಿರಬೇಕು. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಯ ದೊಡ್ಡ ಭಯ ಬಂಡೆ ಸಿಡಿಯುವುದು. ಜಾಲರಿಯ ಈ ದೀಪ ಹುಟ್ಟಿದ್ದು ಕಲ್ಲಿದ್ದಲ ಗಣಿಗೆ, ಅಲ್ಲಿನ ಮೀಥೇನ್ ಅನಿಲಕ್ಕೆ ಹೆದರಿ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಮೂರು ವರ್ಷದ ನಂತರ ಹಂಫ್ರಿ ಡೇವಿ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಜಾಲರಿ ಸುತ್ತಿದ. ತಂತಿ ಶಾಖ ಹೀರಿಕೊಳ್ಳುತ್ತದೆ, ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ಹತ್ತುವುದಿಲ್ಲ. ಅಷ್ಟೇ ಉಪಾಯ. ಡೇವಿ ಪೇಟೆಂಟ್ ಕೂಡ ಮಾಡಿಸಲಿಲ್ಲ. ಆದರೆ ಜಾಲರಿ ಹರಿದಿದ್ದರೆ, ಗಾಳಿ ಜೋರಾಗಿ ಬೀಸಿದರೆ, ಈ ದೀಪವೂ ಕಾಯುತ್ತಿರಲಿಲ್ಲ.

ಇದು ಬರೀ ಬೆಳಕಲ್ಲ, ಅಳತೆಯ ಉಪಕರಣವೂ ಹೌದು. ಬತ್ತಿ ತಗ್ಗಿಸಿದಾಗ ಜ್ವಾಲೆಯ ಮೇಲೆ ನೀಲಿ ಟೋಪಿ ಕಂಡರೆ ಮೀಥೇನ್ ಇದೆ ಎಂದರ್ಥ. ದೀಪ ಕುಗ್ಗಿ ಆರಿದರೆ ಆಮ್ಲಜನಕ ಸಾಲದು, ವಾಪಸು ಓಡು! ಅಂಥದ್ದರೊಳಗೆ ಬಲ್ಬು ಹಾಕಿದರೆ ಅದು ಏನು ಹೇಳೀತು?

ಗೆಳೆಯರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೇನೂ ಇಲ್ಲ ಬಿಡಿ. ತೊಂಬತ್ತರ ದಶಕದಲ್ಲಿ ಬ್ಯಾಂಕು ನನ್ನನ್ನು ಧನಬಾದಿಗೆ ವರ್ಗ ಮಾಡಿತ್ತು. ಝರಿಯಾದ ಗುಜರಿಯವನ ಹತ್ತಿರ ಒಂದು ದೀಪ ಕೊಂಡೆ. ಮಸಿ ಹಿಡಿದಿತ್ತು, ನೆಗ್ಗಿತ್ತು. ಹುಣಸೆಹಣ್ಣಿನಲ್ಲಿ ಉಜ್ಜಿದ್ದು ಸಾಲದೆ ಬಫಿಂಗ್ ಮಾಡಿಸಿ ಕನ್ನಡಿ ಮಾಡಿಬಿಟ್ಟೆ. ಪಿಂಚಣಿಗೆ ಬರುತ್ತಿದ್ದ ಮುದುಕ ಮೈನಿಂಗ್ ಸರ್ದಾರ್ ಒಬ್ಬರಿಗೆ ಅಭಿಮಾನದಿಂದ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ, "ಮ್ಯಾನೇಜರ್ ಸಾಬ್, ನಂಬರ್ ಎಲ್ಲಿ ಹೋಯ್ತು?"

ದೀಪಕ್ಕೊಂದು ನಂಬರು. ಲ್ಯಾಂಪ್ ರೂಮಿನ ರಿಜಿಸ್ಟರಿನಲ್ಲಿ ಅದರ ಮುಂದೆ ಒಬ್ಬನ ಹೆಸರು. ಪಾಳಿ ಮುಗಿದರೂ ದೀಪ ವಾಪಸು ಬಾರದಿದ್ದರೆ ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ. ನಾನು ತಿಕ್ಕಿ ಅಳಿಸಿದ್ದು ಆ ನಂಬರನ್ನು. ಜೀವಮಾನವಿಡೀ ಲೆಡ್ಜರು ನೋಡಿದವನಿಗೆ ಅದು ತಲೆಗೆ ಹೋಗಲಿಲ್ಲವಲ್ಲ! ಇವತ್ತಿಗೂ ಆ ದೀಪದ ತಳ ಮುಟ್ಟಿದರೆ ನುಣ್ಣಗಿದೆ.

ಹಾಗಾಗಿ ನನ್ನ ಹಟ ಇಷ್ಟು: ನೆಗ್ಗು ಇರಲಿ, ನಂಬರು ಇರಲಿ, ಮಸಿ ಮಾತ್ರ ಹೋಗಲಿ. ಜಾಲರಿ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ, ಹಳೆಯದನ್ನು ಕವರಿನಲ್ಲಿಡಿ. ಗಾಜಿನ ಮೇಲೆ ಕೆಳಗೆ ಇರುವ ಹಳೇ ವಾಷರುಗಳನ್ನು ಕೆರೆಯಲೇಬೇಡಿ, ಕಲ್ನಾರು ಇರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಎಣ್ಣೆಯ ವಿಷಯದಲ್ಲೂ ಎಚ್ಚರ. ಕೆಲವು ದೀಪಗಳು ಎಣ್ಣೆಗೆ ಮಾಡಿದವು, ತಳದಲ್ಲಿ ಹತ್ತಿ ತುರುಕಿದ ಆಮೇಲಿನವು ನ್ಯಾಫ್ತಾಕ್ಕೆ. ಅದಕ್ಕೆ ಇದು ಸುರಿಯಬಾರದು. ಅಡುಗೆಮನೆಯ ಗ್ಯಾಸ್ ಸೋರಿದೆಯೇ ಎಂದು ಇದರಲ್ಲಿ ಪರೀಕ್ಷಿಸುವ ಶೌರ್ಯವಂತೂ ಬೇಡವೇ ಬೇಡ.

"ನನ್ನ ದುಡ್ಡು, ನನ್ನ ದೀಪ, ಮನೆಯಲ್ಲಿ ಸೀಮೆಎಣ್ಣೆ ವಾಸನೆ ಯಾರಿಗೆ ಬೇಕು?" ಅಂದರು ಗೆಳೆಯರು. ಆ ಮಾತೂ ಸುಳ್ಳಲ್ಲ, ನಮ್ಮ ಮನೆಯಾಕೆಯದ್ದೂ ಅದೇ ತಕರಾರು. ನಾನು ವರ್ಷಕ್ಕೆ ಎರಡೋ ಮೂರೋ ಸಲ ಗ್ಯಾಲರಿಯಲ್ಲಿ ಹಚ್ಚುತ್ತೇನೆ, ಅಷ್ಟೇ. ಬೆಳಕು ಎಷ್ಟು ಕಡಿಮೆ ಅಂತೀರಿ! ಪೇಪರಿನ ಹೆಡ್‌ಲೈನ್ ಓದಲೂ ಕಣ್ಣು ಕಿರಿದಾಗಿಸಬೇಕು. ಇಷ್ಟರಲ್ಲಿ ಎಂಟು ಗಂಟೆ ಕಲ್ಲಿದ್ದಲು ಕಡಿಯುತ್ತಿದ್ದರೇ ಅನಿಸುತ್ತದೆ.

ಹೊರಡುವಾಗ ಗೆಳೆಯರ ದೀಪವನ್ನು ಮಗುಚಿ ನೋಡಿದೆ. ಪುಣ್ಯಕ್ಕೆ ಬಫಿಂಗ್ ಪೂರ್ತಿ ತಿಂದಿರಲಿಲ್ಲ, 417 ಅಂತ ಸವೆದ ಅಂಕಿ ಬೆರಳಿಗೆ ಸಿಕ್ಕಿತು. ಅವರ ಬೆರಳನ್ನೂ ಅಲ್ಲಿಗೆ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ತೂತಿಗೆ ಬೆಸುಗೆ ಕೂರುತ್ತದಾ?" ಅಂದರು. ಕೂರುತ್ತದೆ. ಬರುವ ಭಾನುವಾರ ಬತ್ತಿ ತೆಗೆದುಕೊಂಡು ಹೋಗುತ್ತಿದ್ದೇನೆ.