ಕಪ್ ಬಂತು, ಗೇಟು ಮುಚ್ಚಿತು!

ನಮ್ಮೂರಲ್ಲಿ ಕ್ರಿಕೆಟ್ ಆಯ್ಕೆ ಸಮಿತಿ ಎಲ್ಲಿ ಸಭೆ ಸೇರುತ್ತೆ ಗೊತ್ತೇ ಸ್ವಾಮಿ? ಸಿಟಿ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ, ದೇವರಾಜ ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ, ಕುವೆಂಪುನಗರದ ಕಡೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ! ಸದಸ್ಯರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಒಂದು ಬೈ-ಟು ಟೀ ಸಿಕ್ಕರೆ ಹನ್ನೊಂದು ಜನರ ತಂಡ ಕಟ್ಟಿ, ನಾಲ್ವರನ್ನು ಕಿತ್ತುಹಾಕಿ, ಬಸ್ಸು ಬರುವಷ್ಟರಲ್ಲಿ ಫೈನಲ್ಲನ್ನೂ ಆಡಿಸಿ ಮುಗಿಸುತ್ತಾರೆ.

“ಯಜಮಾನ್ರೇ, ಈ ಸಲ ರಾಹುಲ್ ನಮ್ ಕಡೆ ಬರ್ತಾನಂತೆ!”

“ಯಾರಪ್ಪಾ ಹೇಳಿದ್ದು?”

“ನಮ್ ಭಾವಮೈದ ಬೆಂಗಳೂರಲ್ಲವ್ನೆ. ಅವನಿಗೆ ಗೊತ್ತು.”

“ಹೋದ ಸಲಾನೂ ಅವನೇ ಹೇಳಿದ್ದ ಕಣಯ್ಯ. ರಾಹುಲ್ ಹೋಗಿದ್ದು ಡೆಲ್ಲಿಗೆ. ಚಿಲ್ಲರೆ ಕೊಡು, ಹಿಂದೆ ಜನ ನಿಂತವ್ರೆ.”

ಇಂಥ ಮಾತು ಕೇಳದೆ ಯಾವ ಅಂಗಡಿಯ ಬಾಗಿಲೂ ಮುಚ್ಚುವುದಿಲ್ಲ. ಐ.ಪಿ.ಎಲ್. ಕೊನೆಯ ಘಟ್ಟಕ್ಕೆ ಬಂತೆಂದರೆ ಲೆಕ್ಕದಲ್ಲಿ ಫೇಲಾದವನೂ ಗಣಿತದ ಮೇಷ್ಟ್ರಾಗುತ್ತಾನೆ. ಲೀಗಿನಲ್ಲಿ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಬಾಗಿಲು. ಅದರಲ್ಲೂ ಮೊದಲೆರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶ, ಮೂರು ನಾಲ್ಕನೆಯವರು ಸೋತರೆ ಸೀದಾ ಮನೆಗೆ. ಹೀಗಾಗಿ ಯಾರು ಯಾರನ್ನು ಎಲ್ಲಿ ಎದುರಿಸಬೇಕು ಎನ್ನುವುದೇ ದೊಡ್ಡ ಚರ್ಚೆ. 2024ರ ಮೇ 18ರಂದು ಚೆನ್ನೈ ವಿರುದ್ಧ ಗೆದ್ದರಷ್ಟೇ ಸಾಲದು, ಹದಿನೆಂಟು ರನ್ನಿನಿಂದ ಗೆಲ್ಲಬೇಕು ಅಂತ ಲೆಕ್ಕ ಬಂದಿತ್ತು. ಗೆದ್ದದ್ದು 27 ರನ್ನಿನಿಂದ. ಆಮೇಲೆ ನಾಲ್ಕೇ ದಿನಕ್ಕೆ ರಾಜಸ್ಥಾನದ ಕೈಲಿ ಸೋತು ಮನೆಗೆ ಬಂದರು ಅನ್ನಿ, ಅದು ಬೇರೆ ಮಾತು.

ಇನ್ನು ಆಟಗಾರರ ಮಾರಾಟದ ಸುದ್ದಿ. ಸೀಸನ್ ಮುಗಿದ ಮೇಲೆ, ಹರಾಜಿಗೆ ಮುಂಚೆ, ಒಂದು ತಂಡ ಇನ್ನೊಂದಕ್ಕೆ ಆಟಗಾರನನ್ನು ದುಡ್ಡಿಗೋ ಇನ್ನೊಬ್ಬ ಆಟಗಾರನ ಬದಲಿಗೋ ಬಿಟ್ಟುಕೊಡಬಹುದು. ಇದೇನು ನಿನ್ನೆ ಮೊನ್ನೆಯದಲ್ಲ. 2009ರಲ್ಲೇ ಜಹೀರ್ ಖಾನರನ್ನು ಮುಂಬಯಿಗೆ ಕೊಟ್ಟು ನಮ್ಮ ರಾಬಿನ್ ಉತ್ತಪ್ಪನವರನ್ನು ಬೆಂಗಳೂರಿಗೆ ತಂದಿದ್ದರು. 2023ರಲ್ಲಿ ಕ್ಯಾಮರೂನ್ ಗ್ರೀನ್ ಮುಂಬಯಿಯಿಂದ ಬೆಂಗಳೂರಿಗೆ ಬಂದರು, ಬೆಲೆ ಹದಿನೇಳೂವರೆ ಕೋಟಿ. 2025ರ ನವೆಂಬರಿನಲ್ಲಿ ಚೆನ್ನೈಯವರು ಜಡೇಜಾರನ್ನೇ ರಾಜಸ್ಥಾನಕ್ಕೆ ಕಳಿಸಿ ಸಂಜು ಸ್ಯಾಮ್ಸನ್‌ರನ್ನು ಕರೆಸಿಕೊಂಡರು. ಅದೇ ತಿಂಗಳು ಆರ್.ಸಿ.ಬಿ.ಯ ಮಾಲೀಕ ಕಂಪನಿ, ತಂಡದ ವಿಚಾರವನ್ನೇ ಮರುಪರಿಶೀಲಿಸುತ್ತಿದ್ದೇವೆ ಎಂದು ಷೇರುಪೇಟೆಗೆ ತಿಳಿಸಿತು. ಆಟಗಾರರದ್ದಿರಲಿ, ತಂಡವೇ ಮಾರಾಟಕ್ಕೆ ಎಂಬ ಗುಲ್ಲು ಎಲ್ಲ ಕಡೆ!

ಇದು ಬರೀ ನಮ್ಮ ಹುಚ್ಚಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟಕ್ಕೆ ಇದೇ ರೋಗ ನೂರು ವರ್ಷದಿಂದ ಇದೆ. ಬಾಸ್ಟನ್ ತಂಡ 1920ರ ಹೊತ್ತಿಗೆ ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ನ್ಯೂಯಾರ್ಕಿಗೆ ಮಾರಿತು. 1918ರಲ್ಲಿ ಗೆದ್ದಿದ್ದ ಬಾಸ್ಟನ್ ಮತ್ತೆ ಚಾಂಪಿಯನ್ ಆದದ್ದು 2004ರಲ್ಲಿ. ಎಂಬತ್ತಾರು ವರ್ಷ! ಮಾರಿದ್ದು ಮಾಲೀಕ, ಶಾಪ ಉಂಡದ್ದು ಅಭಿಮಾನಿ. ನಮ್ಮ ಹದಿನೆಂಟು ಸೀಸನ್ನಿನ ಕಾಯುವಿಕೆ ಅದರ ಮುಂದೆ ಎಷ್ಟರದು ಹೇಳಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಆಟಗಾರ ಮಾರಾಟವಾಗುತ್ತಾನೆ, ತಪ್ಪಲ್ಲ, ಅದು ಅವನ ಹೊಟ್ಟೆಪಾಡು. ರಾಹುಲ್ 2016ರಲ್ಲಿ ಬೆಂಗಳೂರಿನಲ್ಲಿದ್ದರು, ಆಮೇಲೆ ಪಂಜಾಬು, ಲಕ್ನೋ, ಡೆಲ್ಲಿ. ಮಾಲೀಕನೂ ಬದಲಾಗಬಹುದು. ಬದಲಾಗದವನು ಒಬ್ಬನೇ, ನಮ್ಮ ಬಸ್ ಸ್ಟ್ಯಾಂಡಿನ ಅಭಿಮಾನಿ. ಅವನನ್ನು ಯಾವ ತಂಡವೂ ಹರಾಜಿನಲ್ಲಿ ಕೊಂಡಿಲ್ಲ. 2009, 2011, 2016, ಮೂರು ಫೈನಲ್ ಸೋತರೂ ಅವನು ಅಂಗಿ ಬದಲಾಯಿಸಲಿಲ್ಲ. ಹೆಣ್ಣುಮಕ್ಕಳ ತಂಡ 2024ರಲ್ಲಿ ಕಪ್ ತಂದಾಗ ಕುಣಿದ. ಕೊನೆಗೆ 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಗಂಡಸರೂ ಪಂಜಾಬನ್ನು ಸೋಲಿಸಿ ಕಪ್ ಎತ್ತಿದರು. ಗೆಲುವಿನ ಅಂತರ ಆರು ರನ್.

ಆರು ರನ್ ಅಂದ ಕೂಡಲೇ ಮೈಸೂರಿನ ಹಳಬರಿಗೆ ಇನ್ನೊಂದು ಪಂದ್ಯ ನೆನಪಾಗುತ್ತೆ, ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ. 2010ರ ಜನವರಿ, ಸಂಕ್ರಾಂತಿ ಹೊತ್ತು. ನಮ್ಮ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್, ಕರ್ನಾಟಕ ಮತ್ತು ಮುಂಬಯಿ. ಮೊದಲ ಇನ್ನಿಂಗ್ಸಿನಲ್ಲಿ ನಾವು 130ಕ್ಕೆ ಮುಗಿದೆವು. ಕೊನೆಗೆ ಗೆಲ್ಲಲು 338 ಬೇಕು. ಮನೀಶ್ ಪಾಂಡೆ ಅನ್ನೋ ಇಪ್ಪತ್ತರ ಹುಡುಗ 144 ಹೊಡೆದ, ಗಣೇಶ್ ಸತೀಶ್ 75. ಇನ್ನೇನು ಕಪ್ ನಮ್ಮದೇ ಅನ್ನುವಾಗ ವಿಕೆಟ್ ಉದುರಿದವು. 331ಕ್ಕೆ ಆಲೌಟ್. ಆರು ರನ್ನಿನ ಸೋಲು. ಅವತ್ತು ಅಂಗಡಿ ಅರ್ಧ ಬಾಗಿಲು ಎಳೆದು ಹೋದವರಿದ್ದಾರೆ, ಕಾಲೇಜಿಗೆ ಚಕ್ಕರ್ ಹೊಡೆದವರಿದ್ದಾರೆ. ಸೋತರೂ ಅದು ನಮ್ಮೂರಿನ ಸೋಲು. ನಮ್ಮ ಕಣ್ಣೆದುರು ಸೋತದ್ದು.

ಆ ತಂಡದವರೂ ಆಮೇಲೆ ಚದುರಿದರು. ಸತೀಶ್ ವಿದರ್ಭಕ್ಕೆ ಹೋಗಿ ಅಲ್ಲಿ ರಣಜಿ ಗೆದ್ದರು. ಉತ್ತಪ್ಪ ಸೌರಾಷ್ಟ್ರಕ್ಕೆ, ಅಲ್ಲಿಂದ ಕೇರಳಕ್ಕೆ. ವಿನಯ್ ಕುಮಾರ್ ಪುದುಚೇರಿಗೆ. ಇನ್ನು ಕರುಣ್ ನಾಯರ್ ಕಥೆ ಕೇಳಿ. ಟೆಸ್ಟಿನಲ್ಲಿ 303 ಹೊಡೆದ ಮನುಷ್ಯ, ಕರ್ನಾಟಕ ತಂಡದಲ್ಲಿ ಜಾಗ ಸಿಗದೆ 2023ರಲ್ಲಿ ವಿದರ್ಭ ಸೇರಿದರು. 2024–25ರಲ್ಲಿ ವಿದರ್ಭ ರಣಜಿ ಗೆದ್ದಾಗ ಫೈನಲಿನಲ್ಲಿ ಶತಕ ಅವರದ್ದೇ. ಆ ಮಧ್ಯೆ, 2024ರಲ್ಲಿ ನಮ್ಮ ಮೈಸೂರು ವಾರಿಯರ್ಸ್ ಮಹಾರಾಜ ಟ್ರೋಫಿ ಗೆದ್ದಿತಲ್ಲ, ಅದರ ನಾಯಕರೂ ಅವರೇ! ರಣಜಿಗೆ ನಾಗಪುರದವರು, ಟಿ-20ಗೆ ಮೈಸೂರಿನವರು. 2025ರಲ್ಲಿ ಮತ್ತೆ ಕರ್ನಾಟಕಕ್ಕೆ ಬಂದರು. ಹೋದವರನ್ನು ಬೈಯುವ ಮುಂಚೆ, ಹೋಗುವ ಹಾಗೆ ಮಾಡಿದ್ದು ಯಾರು ಅಂತಲೂ ನಮ್ಮ ಟೀ ಅಂಗಡಿ ಸಮಿತಿ ಒಂದು ಠರಾವು ಮಾಡಿದರೆ ಒಳ್ಳೆಯದು.

ಈಗ ಅಸಲು ವಿಷಯಕ್ಕೆ ಬರೋಣ.

ಕಪ್ ಗೆದ್ದ ಮಾರನೆಯ ದಿನ, 2025ರ ಜೂನ್ 4, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಹಿಡಿಸುವುದು ಸುಮಾರು 35 ಸಾವಿರ ಜನ, ಹೊರಗೆ ಸೇರಿದ್ದು ಲಕ್ಷಗಟ್ಟಲೆ. ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಯಾರದೋ ಮನೆಯ ಮಕ್ಕಳು. ಟೀ ಅಂಗಡಿಯ ಲೆಕ್ಕಾಚಾರದಲ್ಲಿ ಅವರೂ ನಮ್ಮಂತೆಯೇ ಸದಸ್ಯರು.

ಅದರ ಬಿಸಿ ಮೈಸೂರಿಗೂ ತಟ್ಟಿತು. ಆಗಸ್ಟಿನ ಮಹಾರಾಜ ಟ್ರೋಫಿ ಪಂದ್ಯಾವಳಿ ಬೆಂಗಳೂರಿನಿಂದ ನಮ್ಮೂರಿಗೆ ವರ್ಗವಾಯಿತು. 11ರಿಂದ 28ರವರೆಗೆ, ಅದೇ ಗಂಗೋತ್ರಿ ಮೈದಾನ, ಈಗಿನ ಹೆಸರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನ. ಊರಿಗೆ ಹಬ್ಬ ಬಂತು ಅಂದುಕೊಂಡರೆ, ಪ್ರೇಕ್ಷಕರಿಗೆ ಪ್ರವೇಶವಿಲ್ಲ ಎಂದರು! ಮೈಸೂರು ತಂಡ ಬೆಂಗಳೂರಿನಲ್ಲಿ ಗೆದ್ದಾಗ ನಾವು ಟಿ.ವಿ.ಯಲ್ಲಿ ನೋಡಿದೆವು. ಮರುವರ್ಷ ಅದೇ ತಂಡ ನಮ್ಮ ಮನೆಯಂಗಳಕ್ಕೆ ಬಂದು ಆಡಿದಾಗಲೂ ಟಿ.ವಿ.ಯಲ್ಲೇ ನೋಡಬೇಕಾಯಿತು. ಮನೀಶ್ ಪಾಂಡೆ ಆ ಸಲ ಮೈಸೂರು ತಂಡದಲ್ಲಿದ್ದರು. 2010ರಲ್ಲಿ ಯಾವ ನೆಲದ ಮೇಲೆ ಊರೆಲ್ಲ ನಿಂತು ಅವರ 144ಕ್ಕೆ ಚಪ್ಪಾಳೆ ತಟ್ಟಿತೋ ಅದೇ ನೆಲದ ಮೇಲೆ, ಹದಿನೈದು ವರ್ಷದ ಮೇಲೆ, ಅವರಿಗೆ ಕೇಳಿಸಿದ್ದು ಮರದ ಮೇಲಿನ ಕಾಗೆಗಳ ಕೂಗು!

ಪೊಲೀಸರನ್ನು ಬೈಯಲು ಈ ಬರಹವಲ್ಲ. ಹನ್ನೊಂದು ಹೆಣ ಬಿದ್ದ ಎರಡು ತಿಂಗಳಿಗೆ ಯಾವ ಅಧಿಕಾರಿಯಾದರೂ ಹೆದರುತ್ತಾನೆ, ಹೆದರಬೇಕು. ಆ ಮೈದಾನ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ, ದೊಡ್ಡ ಸ್ಟೇಡಿಯಮ್ಮಿನಂತೆ ಸುತ್ತ ಗ್ಯಾಲರಿ ಇಲ್ಲ, ಇವೆಲ್ಲ ನಿಜ. ಆದರೆ ಹೆದರಿಕೆಗೆ ಬೀಗ ಒಂದೇ ಮದ್ದೇ? ಜೂನ್ 4ರಿಂದ ನಾವು ಕಲಿಯಬೇಕಾದ್ದು ಎಷ್ಟು ಜನಕ್ಕೆ ಜಾಗವಿದೆ, ಯಾವ ಬಾಗಿಲಿನಿಂದ ಬರಬೇಕು, ಚೀಟಿ ಯಾರಿಗೆ ಸಿಗುತ್ತೆ ಎನ್ನುವುದನ್ನು ಮುಂಚೆಯೇ ಹೇಳಬೇಕು ಎಂಬ ಪಾಠ. ಜನ ಬರಲೇಬಾರದು ಎಂಬುದು ಪಾಠವಾದರೆ, ಮಳೆ ಬಂದರೆ ಸೋರುತ್ತೆ ಅಂತ ಮನೆಯನ್ನೇ ಕೆಡವಿದ ಹಾಗೆ.

ಅದೂ ಈ ಊರಿನಲ್ಲಿ! ಲಕ್ಷಾಂತರ ಜನ ಸೇರುವ ಜಂಬೂಸವಾರಿಯನ್ನು ವರ್ಷ ವರ್ಷ ನಡೆಸುವ ಊರು ಇದು. ಅವತ್ತೇ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು, ಪಾಸು ಇದ್ದವರು ಒಳಗೆ. ಆನೆ ಅಂಬಾರಿ ಹೊತ್ತು ಜನರ ನಡುವೆ ನಡೆದು ಹೋಗುವ ದಾರಿಗೆ ಬಂದೋಬಸ್ತ್ ಮಾಡಬಲ್ಲವರಿಗೆ, ಒಂದು ಲೋಕಲ್ ಟಿ-20 ಪಂದ್ಯಕ್ಕೆ ಕೆಲವು ಸಾವಿರ ಜನರನ್ನು ಸಾಲಾಗಿ ಒಳಗೆ ಬಿಡಲಾಗದೇ?

ಆದ್ದರಿಂದ ರಾಜ್ಯ ಕ್ರಿಕೆಟ್ ಸಂಸ್ಥೆ, ವಿಶ್ವವಿದ್ಯಾನಿಲಯ ಮತ್ತು ಪೊಲೀಸ್ ಇಲಾಖೆ, ಮೂವರೂ ಒಂದೇ ಮೇಜಿನ ಸುತ್ತ ಕೂತು ನಾಲ್ಕು ಕೆಲಸ ಮಾಡಲಿ. ಒಂದು, ಮೈದಾನಕ್ಕೆ ಎಷ್ಟು ಜನ ಕ್ಷೇಮವಾಗಿ ಹಿಡಿಸುತ್ತಾರೆಂದು ಎಣಿಸಿ ಬೋರ್ಡು ಹಾಕಲಿ. ಎರಡು, ಅಷ್ಟೇ ಚೀಟಿ, ಅದೂ ಮುಂಚಿತವಾಗಿ, ಊರಿನ ನಾಲ್ಕೈದು ಕಡೆ ಹಂಚಲಿ. ಪಂದ್ಯದ ದಿನ ಗೇಟಿನಲ್ಲಿ ಹಂಚುವ ಪದ್ಧತಿ ಬೇಡವೇ ಬೇಡ. ಮೂರು, ಒಳಹೋಗಲು ಹೊರಬರಲು ಬೇರೆ ಬೇರೆ ದಾರಿ ಇರಲಿ. ಗಟ್ಟಿಯಾದ ಮೆಟ್ಟಿಲು ಗ್ಯಾಲರಿ ಕಟ್ಟಲಿ, ತಾತ್ಕಾಲಿಕವಾದರೂ ಸರಿ. ನಾಲ್ಕು, ಸಿಟಿ ಬಸ್ ಸ್ಟ್ಯಾಂಡಿನಿಂದ ಪಂದ್ಯದ ದಿನ ನಾಲ್ಕು ಬಸ್ಸು ಹೆಚ್ಚಿಗೆ ಬಿಡಲಿ. ಮೈಸೂರು ತಂಡದ ಮಾಲೀಕರು ಇದೇ ಊರಿನ ಊದುಬತ್ತಿ ವ್ಯಾಪಾರದ ಎನ್.ಆರ್. ಸಮೂಹದವರು. ಊರಿನ ಜನ ಒಳಗೆ ಬರಬೇಕೆಂದು ಅವರೂ ಒಂದು ಮಾತು ಗಟ್ಟಿಯಾಗಿ ಹೇಳಲಿ.

ಅಂಗಡಿಯವರೂ ಕೇಳಿ. ಹದಿನೆಂಟು ದಿನ ಪಂದ್ಯವಿದ್ದು ಜನ ಮನೆಯಿಂದ ಹೊರಬೀಳದಿದ್ದರೆ ಟೀ, ಚುರುಮುರಿ, ಕಡಲೆಕಾಯಿ, ಆಟೋ, ಯಾರಿಗೆ ಏನು ಲಾಭ? ಅದಕ್ಕಿಂತ ದೊಡ್ಡ ನಷ್ಟ ಹುಡುಗರದ್ದು. ಜಾವಗಲ್ ಶ್ರೀನಾಥ್ ಈ ಊರಿನವರು. ವೇಗದ ಚೆಂಡು ಬ್ಯಾಟಿನ ಪಕ್ಕ ಹಾದುಹೋಗುವ ಸದ್ದನ್ನು ಬೌಂಡರಿ ಹಗ್ಗದ ಹತ್ತಿರ ಕೂತು ಕೇಳಿದ ಹುಡುಗನಿಗೇ ನಾನೂ ಹಾಗೆ ಎಸೆಯಬೇಕು ಅನ್ನಿಸುವುದು. ಮೊಬೈಲಿನಲ್ಲಿ ಕಂಡದ್ದು ಕಣ್ಣಿಗಷ್ಟೇ, ಮೈಗೆ ಹತ್ತುವುದಿಲ್ಲ.

ಅಭಿಮಾನಿಗಳಿಗೂ ಒಂದು ಕಿವಿಮಾತು. ಗೇಟು ತೆರೆದ ದಿನ ಸಾಲು ಮುರಿಯಬಾರದು. “ನಾನು ಇಂಥವರ ಕಡೆಯವನು” ಅಂತ ಅಡ್ಡದಾರಿ ಹಿಡಿಯಬಾರದು. ಹಿಂದಿನಿಂದ ತಳ್ಳುವ ಕೈಗೆ ಮುಂದೆ ಬೀಳುವ ಮಗು ಕಾಣುವುದಿಲ್ಲ.

ಇಷ್ಟನ್ನು ಬರೆದು ಟೀ ಅಂಗಡಿಯಲ್ಲಿ ಓದಿ ಹೇಳಿದಾಗ ಗಲ್ಲಾ ಮೇಲಿನ ಯಜಮಾನರು ಕೇಳಿದರು: “ಅದೆಲ್ಲ ಸರಿ ಸಾರ್, ರಾಹುಲ್ ಬರ್ತಾನೋ ಇಲ್ವೋ ಅದನ್ನು ಬರೀಲೇ ಇಲ್ವಲ್ಲ?” ರಾಹುಲ್ ಬರಲಿ, ಬಿಡಲಿ ಯಜಮಾನ್ರೇ. ಮುಂದಿನ ಸಲ ಗಂಗೋತ್ರಿಯಲ್ಲಿ ಪಂದ್ಯವಾದರೆ ನೀವು ಅರ್ಧ ಬಾಗಿಲು ಎಳೆದು ಬರುವ ಹಾಗಾಗಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?