ಭಯಕ್ಕೂ ಒಂದು ನಾಮಕರಣ

ವಾದ್ಯದ ಇಂಪಿಗೆ ತಲೆದೂಗುವವರನ್ನು ಎಲ್ಲರೂ ಕಂಡಿದ್ದಾರೆ. ಅದನ್ನು ಕೇಳಿ ಗಡಗಡ ನಡುಗುವವನನ್ನು ಕಂಡವರು ವಿರಳ. ಪ್ರಾಚೀನ ಗ್ರೀಸಿನ ವೈದ್ಯ ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಅಂಥವನೊಬ್ಬನಿದ್ದಾನೆ. ಅವನ ಹೆಸರು ನಿಕಾನೋರ್. ರಾತ್ರಿಯ ಪಾನಗೋಷ್ಠಿಯಲ್ಲಿ ವಾದಕಿಯೊಬ್ಬಳು ಔಲೋಸ್ ಎಂಬ, ನಮ್ಮ ಓಲಗದ ಜಾತಿಯ ವಾದ್ಯವನ್ನು ಊದತೊಡಗಿದೊಡನೆ ಅವನಿಗೆ ತಾಳಲಾರದ ಭಯ. ಅದೇ ನಾದ ಹಗಲಿನಲ್ಲಿ ಕೇಳಿಬಂದರೆ ಯಾವ ಬಾಧೆಯೂ ಇಲ್ಲ! ಡೆಮೊಕ್ಲೀಸ್ ಎಂಬ ಇನ್ನೊಬ್ಬ, ಆಳವೇ ಇಲ್ಲದ ಹಳ್ಳದ ಮೇಲಣ ಸೇತುವೆಯನ್ನೂ ದಾಟಲಾರ. ಹಳ್ಳದೊಳಗೇ ಇಳಿದು ನಡೆದುಹೋಗಬಲ್ಲ. ಗ್ರಂಥಕಾರ ಇಬ್ಬರನ್ನೂ ವರ್ಣಿಸಿದನೇ ಹೊರತು ಅವರ ಭಯಗಳಿಗೆ ಹೆಸರಿಡಲಿಲ್ಲ.

ಇಂದು ಇಂಥವನ್ನೆಲ್ಲ ಫೋಬಿಯ ಎನ್ನುತ್ತಾರೆ. ಗ್ರೀಕ್ ಪುರಾಣದಲ್ಲಿ ಯುದ್ಧದೇವತೆ ಆರೀಸನ ಮಗ ಫೋಬೋಸ್. ಶತ್ರುಗಳ ಎದೆಯಲ್ಲಿ ನಡುಕ ಹುಟ್ಟಿಸುವುದು ಅವನ ಕಸುಬು. ಹೋಮರನಲ್ಲಿ ಆ ಪದಕ್ಕೆ ರಣರಂಗದಿಂದ ಓಡುವುದೆಂಬ ಅರ್ಥವೂ ಉಂಟು. ಹುಚ್ಚುನಾಯಿಯ ಕಡಿತಕ್ಕೆ ಸಿಕ್ಕವರು ನೀರನ್ನು ಕಂಡು ಬೆದರುವುದನ್ನು ಗ್ರೀಕರು ಹೈಡ್ರೋಫೋಬಿಯ ಎಂದರೆ, ಸುಶ್ರುತ ಸಂಹಿತೆ ಜಲತ್ರಾಸ ಎಂದಿತು. ಆದರೆ ಅದು ಗಂಟಲು ಬಿಗಿದುಕೊಳ್ಳುವ ಮಾರಕ ರೋಗದ ಲಕ್ಷಣ, ಮನಸ್ಸಿನ ಅಂಜಿಕೆಯಲ್ಲ.

18ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ರಶ್ ಆ ಪದವನ್ನು ಹಿಡಿದು ಹಾಸ್ಯದ ಪಟ್ಟಿಯೊಂದನ್ನೇ ರಚಿಸಿದ. ಇಲಿಯ ಭೀತಿ, ವೈದ್ಯರ ಭೀತಿಗಳೊಡನೆ ಅದರಲ್ಲಿ ಗೃಹಭೀತಿಯೂ ಇತ್ತು: ಮನೆಗಿಂತ ಹೆಂಡದಂಗಡಿಯೇ ಹಿತವೆನಿಸುವ ಗಂಡಸರ ಕಾಯಿಲೆ. ಈ ರೋಗ ಅಮೆರಿಕಕ್ಕೆ ಮಾತ್ರ ಮೀಸಲಲ್ಲವೆಂದು ಗೃಹಿಣಿಯರು ಹೇಳಿಯಾರು.

ವಿಷಯ ಗಂಭೀರವಾದುದು ಬರ್ಲಿನ್ನಿನಲ್ಲಿ. ಅಲ್ಲಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಪರೀಕ್ಷಿಸಿದ ಮೂವರು ಗಂಡಸರಿಗೆ, ಊರ ನಡುವಣ ಬಯಲು ಚೌಕವನ್ನು ಒಬ್ಬರೇ ದಾಟಬೇಕೆಂದರೆ ಎದೆ ಡವಗುಟ್ಟಿ ಮೈ ನಡುಗುತ್ತಿತ್ತು. ಭಯಕ್ಕೆ ಕಾರಣವಿಲ್ಲವೆಂದು ಅವರೇ ಬಲ್ಲರು. ಜತೆಗೊಬ್ಬರಿದ್ದರೆ, ಕೈಯಲ್ಲೊಂದು ಕೋಲಿದ್ದರೆ ಅದು ಎಷ್ಟೋ ತಗ್ಗುತ್ತಿತ್ತು. ವಿಯೆನ್ನಾದ ವೈದ್ಯ ಬೆನೆಡಿಕ್ಟ್ 1870ರಲ್ಲಿ ಇದೇ ಬಾಧೆಯನ್ನು ‘ಚೌಕದ ತಲೆಸುತ್ತು’ ಎಂದು ಕರೆದು, ದೋಷವನ್ನು ಕಣ್ಣಿನ ಸ್ನಾಯುಗಳಲ್ಲಿ ಹುಡುಕಿದ್ದ. ಇದು ತಲೆಸುತ್ತಲ್ಲ, ಅಪ್ಪಟ ಭಯ ಎಂದು ವೆಸ್ಟ್‌ಫಾಲ್ ವಾದಿಸಿದ. ಗ್ರೀಕರ ಊರುಗಳಲ್ಲಿ ಸಂತೆ-ಸಭೆಗಳು ಸೇರುತ್ತಿದ್ದ ಬಯಲು ‘ಅಗೋರ’. ಅದರಿಂದ ಅಗೋರಫೋಬಿಯ ಎಂಬ ಹೆಸರನ್ನು 1871ರಲ್ಲಿ ಕಟ್ಟಿದ. ಹೇಡಿಯೆನಿಸಿಕೊಂಡು ತಲೆತಗ್ಗಿಸಬೇಕಾಗಿದ್ದವನು ಆ ಒಂದು ಹೆಸರಿನಿಂದ ಚಿಕಿತ್ಸೆಗೆ ಅರ್ಹನಾದ ರೋಗಿಯೆನಿಸಿದ. ಇಂದು ಜನಸಂದಣಿಯ ಭಯ, ಬಸ್ಸು ರೈಲುಗಳ ಭಯ ಕೂಡ ಆ ಹೆಸರಿನೊಳಗೆ ಸೇರಿವೆ.

1879ರಲ್ಲಿ ಬೆಂಜಮಿನ್ ಬಾಲ್ ಮುಚ್ಚಿದ ಕೋಣೆಯ ಭಯವನ್ನು ಕ್ಲಾಸ್ಟ್ರೋಫೋಬಿಯ ಎಂದ. ಅದರ ಮೊದಲರ್ಧ ಲ್ಯಾಟಿನ್, ಅಗುಳಿ ಹಾಕಿದ ತಾಣವೆಂದು ಭಾವ. ಆಮೇಲೆ ಗ್ರೀಕ್ ನಿಘಂಟು ಕೈಲಿದ್ದವರೆಲ್ಲ ನಾಮಕರಣದ ಪುರೋಹಿತರಾದರು. ಬೆಕ್ಕಿನ ಭಯ ಐಲುರೋಫೋಬಿಯ. 13ರ ಭಯ ಟ್ರಿಸ್ಕೈಡೆಕಫೋಬಿಯ, ಅಂದರೆ ‘ಮೂರು ಮತ್ತು ಹತ್ತು’. ಉದ್ದ ಪದಗಳ ಭಯಕ್ಕಂತೂ ವಿನೋದಗಾರರು ನೀರಾನೆಯನ್ನೂ ರಾಕ್ಷಸನನ್ನೂ ಎಳೆತಂದು, ಉಸಿರುಗಟ್ಟಿಸುವ ಹೆಸರೊಂದನ್ನು ಬೇಕೆಂದೇ ಹೊಸೆದಿದ್ದಾರೆ! ವೈದ್ಯರ ಕೈಪಿಡಿಗಳು ಈ ಆಡಂಬರವನ್ನು ಬದಿಗಿಟ್ಟು, ಒಂದೊಂದು ವಸ್ತುವಿನ ಅಥವಾ ಸನ್ನಿವೇಶದ ಭಯವನ್ನೆಲ್ಲ ‘ನಿರ್ದಿಷ್ಟ ಫೋಬಿಯ’ ಎಂಬ ಒಂದೇ ತಲೆಬರಹದಡಿ ಸೇರಿಸಿವೆ. ಸೇತುವೆಗೆ ಅಂಜುವವನಿಗೆ ಗೆಫಿರೋಫೋಬಿಯ ಎಂಬ ಹೆಸರು ಸಿದ್ಧವಾಗಿದ್ದರೂ, ಚಿಕಿತ್ಸಕ ಅದನ್ನು ಉಚ್ಚರಿಸುತ್ತ ಕೂರುವುದಿಲ್ಲ. ಒಂದು ದಿನ ರೋಗಿಯನ್ನು ಸೇತುವೆ ಕಾಣುವಷ್ಟು ದೂರಕ್ಕೆ, ಇನ್ನೊಂದು ದಿನ ಅದರ ಮೊದಲ ಕಮಾನಿನವರೆಗೆ ಕರೆದೊಯ್ದು, ಎದೆಬಡಿತ ತಾನಾಗಿ ಇಳಿಯುವವರೆಗೂ ಅಲ್ಲಿಯೇ ನಿಲ್ಲಿಸಿಕೊಳ್ಳುತ್ತಾನೆ.